ಜೋಡಿಗೆ ಒಂದೇ ಹೆಸರು

ಕುದಿಸಿದ ಭತ್ತದ ಹಬೆ ಕಿಟಕಿಯಿಂದ ನುಗ್ಗಿ ಲ್ಯಾಪ್‌ಟಾಪಿನ ಪರದೆ ಮಸುಕಾಯಿತು, ಸುರೇಖಾ ಸೆರಗಿನಿಂದ ಒರೆಸಿದಳು, ಮತ್ತೆ ಪಗಾರದ ಸಾಫ್ಟ್‌ವೇರಿನ ಅದೇ ಸಾಲು, ಹತ್ತು ಮಂದಿಯವರೆಗೆ ಪೂರ್ತಿ ಉಚಿತ — ಹಾಜರಿ, ರಜೆ, ಪಗಾರ ಎಲ್ಲ ತಾನೇ ನೋಡಿಕೊಳ್ಳುತ್ತದಂತೆ, ಅಕ್ಕಿ ಮಿಲ್ಲಿನಲ್ಲಿರೋದು ಹದಿನಾರು ಮಂದಿ, ಹದಿನಾರೋ ಎಂಟೋ, ಮಾವ ಅಂಬಪ್ಪನವರ ಪಾಲಿಗೆ ಎಂಟೇ, ಬೆಳಿಗ್ಗೆ ಚಹಾ ಹೀರುತ್ತ ಎಷ್ಟು ಸಲೀಸಾಗಿ ಹೇಳಿಬಿಟ್ಟರು, ಅಲ್ಲಬೇ ಸುರೇಖಾ, ಜೋಡಿಗೆ ಒಂದ ಹೆಸರು ಬರಿ, ಗಂಡಂದು ಸಾಕು, ಫುಕಟ್‌ದಾಗ ಮುಗೀತೈತಿ — ಮುಗಿಯುತ್ತಲೇ ಬಂದಿದೆ, ಈ ಮಿಲ್ಲಿನಲ್ಲಿ ಕೆಲಸಕ್ಕೆ ಹಿಡಿಯೋದೇ ಗಂಡ ಹೆಂಡತಿಯ ಜೋಡಿ, ಅವನು ಚೀಲ ಹೊರಬೇಕು, ಅವಳು ಕಣದಲ್ಲಿ ಭತ್ತ ಹರವಬೇಕು, ಇಬ್ಬರ ಕೂಲಿ ಅವನ ಕೈಗೆ. ಹೆಂಗಸರು ಇಲ್ಲವೆಂದರೆ ಉಚಿತ, ಇದ್ದಾರೆಂದರೆ ದುಡ್ಡು, ಗಂಡ ನಿಂಗರಾಜ ಬೇರೆ, ಲಿಂಗಸುಗೂರಿಗೆ ಅಕ್ಕಿ ಲೋಡು ಒಯ್ದವನು ಫೋನಿನಲ್ಲಿ, ಅಪ್ಪ ಹೇಳಿದಂಗ ಮಾಡಲೇ, ಹೆಣ್ಮಕ್ಕಳಿಗೆ ಖಾತೆ ಎಲ್ಲಿರ್ತಾವ — ಗೃಹಲಕ್ಷ್ಮಿ ದುಡ್ಡು ಮತ್ತ್ಯಾವ ಖಾತೆಗೆ ಬರ್ತೈತಿ ಅಂತ ಇವಳು ಅಂದದ್ದಕ್ಕೆ ಸಿಗ್ನಲ್ ಇಲ್ಲ ಅಂದ. ಇರಲಿ, ಇವತ್ತು ಅವಳು ಬಿಡುವುದಿಲ್ಲ.

ಇನ್ನೊಂದು ಸಾಫ್ಟ್‌ವೇರು ಮೊದಲೇ ಕಾರ್ಡಿನ ನಂಬರು ಕೇಳಿತು, ಮತ್ತೊಂದರಲ್ಲಿ ಕನ್ನಡವೇ ಇಲ್ಲ, ಇದೊಂದು ಉಚಿತ, ಮಂದಿಯ ಮಿತಿಯೂ ಇಲ್ಲ, ಒಂದೇ ಷರತ್ತು, ಒಬ್ಬೊಬ್ಬರೂ ಮುಖ ತೋರಿಸಿ ಹೆಸರು ಬರೆಸಬೇಕು, ಜೋಡಿಗೆ ಜಾಗವೇ ಇಲ್ಲ — ಇದೇ, ಇದೇ ಬೇಕಾಗಿತ್ತು, ಫೋನಿಗೆ ಇಳಿಸಿಕೊಂಡು ಚಪ್ಪಲಿ ಮೆಟ್ಟದೆ ಕಣಕ್ಕೆ ಓಡಿದಳು, ಕಾದ ಸಿಮೆಂಟಿಗೆ ಅಂಗಾಲು ಚುರ್ರೆಂದಿತು, ಬಳಗಾನೂರಿನ ಸೂಗಮ್ಮ ಹೊಟ್ಟಿನ ಧೂಳಿಗೆ ಕಣ್ಣಷ್ಟೇ ಬಿಟ್ಟು ಸೆರಗು ಸುತ್ತಿಕೊಂಡಿದ್ದಾಳೆ, ಬಿಚ್ಚಬೇ, ಮುಖ ತೋರ್ಸು, ಯಾಕ್ರೀ ಅಕ್ಕಾರ, ನಿನ್ನ ಪಗಾರ ಇನ್ನ ಮ್ಯಾಲೆ ನಿನ್ನ ಖಾತೆಗೆ, ನಮ್ಮನಿಯವ್ರು ಬೈತಾರ್ರೀ, ಬೈದ್ರ ನನ್ನ ಹಂತ್ಯಾಕ ಕಳಸು. ಸೆರಗು ಬಿಚ್ಚಿತು, ಕಣ್ಣ ಸುತ್ತ ಧೂಳು, ಕೆಳಗೆ ಮೂಗುತಿ, ಇಷ್ಟು ದಿನ ಕಾಣದಿದ್ದ ಹಸಿರು ಹರಳಿನ ಮೂಗುತಿ, ಪರದೆಯ ದುಂಡು ಗೆರೆಯೊಳಗೆ ಮುಖ ಕೂತಿತು, ಗೆರೆ ಹಸಿರಾಯಿತು, ಸೂಗಮ್ಮ ತನ್ನನ್ನೇ ನೋಡಿ ನಾಚಿ ನಕ್ಕಳು, ಪಾರ್ವತೆಮ್ಮ ಬಂದಳು, ಭಾರತಿ ಬಂದಳು, ಒಬ್ಬೊಬ್ಬಳಿಗೂ ಒಂದು ದುಂಡು ಗೆರೆ, ಮಾವನವರು ಕೂಗಾಡಲಿ, ಮಾಡಿದ್ದು ಮಾಡಿಯಾಯಿತು — ಅಕ್ಕಾರ, ಆಫೀಸು ದಿನಾ ನೀವ ನೋಡ್ತೀರಿ, ನಿಮ್ಮ ಮುಖ ತಗದೀರೇನು, ಸೂಗಮ್ಮ ಕೇಳಿದಳು, ನಾ ಮಾಲೀಕರ ಸೊಸಿ ಅಲ್ಲೇನಬೇ, ಅಂದಳು ಸುರೇಖಾ, ಅಂದಮೇಲೆ ಹೊಳೆಯಿತು, ಬಿಲ್ಲು ಬರೆಯೋದು ಅವಳೇ, ಬ್ಯಾಂಕಿನ ಓಡಾಟ ಅವಳದೇ, ಪಗಾರ ಹಂಚೋದೂ ಅವಳೇ, ಕಾಗದದಲ್ಲಿ ಹೆಸರು ಮಾತ್ರ ನಿಂಗರಾಜನದು, ತಾನು ನಿಂಗರಾಜನ ಜೋಡಿ — ಸೂಗಮ್ಮ ಫೋನು ಇಸಿದುಕೊಂಡು ಪರದೆಯನ್ನು ಅವಳತ್ತ ಹಿಡಿದಿದ್ದಾಳೆ, ನೆಟ್ಟಗ ನಿಂದ್ರಿ ಅಕ್ಕಾರ, ಅಲ್ಲಾಡಬ್ಯಾಡ್ರಿ, ದುಂಡು ಗೆರೆ, ಅದರೊಳಗೆ ತನ್ನ ಮುಖ, ಗೆರೆ ಇನ್ನೂ ಹಸಿರಾಗಿಲ್ಲ, ದುಂಡು ಗೆರೆ —