ಎಣಿಸೋ ಬಾಯಿ

ಕಡ್ಲೆಕಾಯಿ ಎಣ್ಣೆ ವಾಸನೆ ಕಿಟಕಿಯಿಂದ ಒಳಗೆ ನುಗ್ತೈತೆ, ಹಿಂದಿನ ಮಿಲ್ಲು ಶುರುವಾಯ್ತು ಅಂತ ಕಾಣ್ತೈತೆ, ಬೆಳಿಗ್ಗೆ ಅಮ್ಮ ಇಟ್ಟ ಉಪ್ಪಿಟ್ಟು ಒಂದು ತುತ್ತೂ ಇಳೀಲಿಲ್ಲ, ಇಳಿದಿದ್ರೂ ಮೊಳಕಾಲ್ಮೂರಿಂದ ಚಳ್ಳಕೆರೆವರೆಗೆ ಆ ಬಸ್ಸು ಕುಲುಕಿದ ಕುಲುಕಿಗೆ ವಾಪಸ್ ಬಂದಿರೋದು — ಇಂಟರ್‌ವ್ಯೂಗೆ ಬಂದವ್ರಲ್ಲಿ ಬೆಂಚಿನ ಮೇಲೆ ಇನ್ನು ಇಬ್ಬರೇ ಉಳಿದೀವಿ, ನಾನು, ಮಹಾಂತೇಶ್ ಸರ್. ಸರ್ಕಾರಿ ಕಾಲೇಜಲ್ಲಿ ಒಂದೇ ಸ್ಟಾಫ್ ರೂಮು, ಒಂದೇ ಬೀರು ಹಂಚಿಕೊಂಡ ಅತಿಥಿ ಉಪನ್ಯಾಸಕರು, ಇವತ್ತು ಈ ಕಾಲೇಜಿನ ಒಂದೇ ಗಣಿತದ ಕೆಲಸಕ್ಕೆ ಎದುರಾಳಿಗಳು. ಅತಿಥಿಯಂತೆ ಅತಿಥಿ, ಪ್ರತಿ ಜೂನಲ್ಲೂ ಕರೀತಾರೋ ಇಲ್ವೋ ಅಂತ ಬಾಗಿಲು ಕಾಯೋ ಅತಿಥಿ, ಯಾವ ಪುಣ್ಯಾತ್ಮ ಇಟ್ಟನೋ ಈ ಹೆಸರು. ಇದು ಕಾಯಂ ಕೆಲಸ. ಇದೂ ತಪ್ಪಿದ್ರೆ ಮುಂದಿನ ಸಲ ವಯಸ್ಸಿನ ಮಿತಿ ದಾಟಿರ್ತೀನಿ, ಪಿಎಚ್.ಡಿ. ಗೋಡೆಗೆ ನೇತುಹಾಕ್ಕೊಂಡು ಕೂರೋದೇ. ಹರಿಪ್ರಿಯಾ ಮೇಡಂ, ಟೆನ್ಶನ್ ಮಾಡ್ಕೋಬೇಡ್ರಿ, ಇವೆಲ್ಲ ಮೊದಲೇ ಫಿಕ್ಸ್ ಆಗಿರ್ತವೆ, ಅಂದ್ರು ಸರ್. ಆಗಿದ್ರೆ ನೀವ್ಯಾಕ್ರಿ ಹೊಸ ಶರ್ಟು ಹಾಕ್ಕೊಂಡು ಬಂದ್ರಿ, ಅನ್ನಲಿಲ್ಲ, ಸುಮ್ನೆ ನಕ್ಕೆ. ಫಿಕ್ಸ್ ಆಗಿದ್ರೆ ಆಗಿರಲಿ, ನನ್ನನ್ನ ಬೇಡ ಅನ್ನೋಕೆ ಅವ್ರ ನಾಲಿಗೆ ತಡವರಿಸಬೇಕು, ಅಷ್ಟು ಚೆನ್ನಾಗಿ ಪಾಠ ಮಾಡ್ತೀನಿ.

ಹೋದ ಸಲ ಮಾಡಲಿಲ್ಲ. ಬೇರೆ ಊರು, ಬೇರೆ ಕಾಲೇಜು, ಇಂಥದೇ ಇಂಟರ್‌ವ್ಯೂ, ಬೋರ್ಡಿನ ಮೇಲೆ ಲೆಕ್ಕ ಬಿಡಿಸ್ತಾ ಬಿಡಿಸ್ತಾ ಬಾಯಿ ತನ್ನಷ್ಟಕ್ಕೆ ಎಣಿಸೋಕೆ ಶುರು ಮಾಡ್ತು, ಒಕಟಿ, ರೆಂಡು, ಮೂಡು, ಗಟ್ಟಿಯಾಗೇ — ಹಿಂದೆ ಇಂಟರ್‌ವ್ಯೂ ಮಾಡೋರ ನಗು. ಏನಮ್ಮ, ನಮ್ಮ ಮಕ್ಕಳಿಗೆ ತೆಲುಗಲ್ಲಿ ಗಣಿತ ಹೇಳ್ಕೊಡ್ತೀಯಾ? ಅಲ್ಲಿಗೆ ನಿಂತೆ, ಚಾಕ್‌ಪೀಸು ಕೈಯಲ್ಲೇ, ಆಯ್ತು ಕೂತ್ಕೊಳ್ಳಿ ಅಂದ್ರು, ಕೂತೆ. ಅವಮಾನ ಅಂದ್ರೆ ಅದು, ಬಸ್ಸಲ್ಲಿ ಸೆರಗು ಬಾಯಿಗೆ ಒತ್ಕೊಂಡು ಬಂದೆ. ನಾನೇನು ಮಾಡಲಿ, ಹೊರಗೆ ಮಾತು ಕನ್ನಡ, ಓದು ಕನ್ನಡ ಇಂಗ್ಲಿಷು, ಬೈಗುಳನೂ ಕನ್ನಡದಲ್ಲೇ, ಎಣಿಕೆ ಒಂದು ಮಾತ್ರ ಮಗ್ಗದ ಮುಂದೆ ಅಮ್ಮನ ತೆಲುಗಲ್ಲಿ ಕಲಿತದ್ದು. ಮೊಳಕಾಲ್ಮೂರು ಸೀರೆಗೆ ಇಬ್ಬರು ಕೂರಬೇಕು, ಈ ಅಂಚಿಗೆ ಅಮ್ಮ, ಆ ಅಂಚಿಗೆ ನಾನು, ನವಿಲಿನ ಚಿತ್ರ ಬರೋ ಜಾಗದಲ್ಲಿ ಎಷ್ಟು ಎಳೆ ಅಂತ ನಾನು ಎಣಿಸೋದು, ಅಮ್ಮ ಅದಕ್ಕೆ ಸರಿಯಾಗಿ ಲಾಳಿ ಎಸೆಯೋದು, ನನ್ನ ಕಡೆ ತಿರುಗಿಯೂ ನೋಡಲ್ಲ, ಬರೀ ಕೇಳಿಸ್ಕೊಳ್ತಾಳೆ. ಆ ನಗು ಆದ ಮೇಲೆ ಹಠ ಹಿಡಿದೆ, ಈ ತೆಲುಗು ಎಣಿಕೆಯನ್ನ ಬಾಯಿಂದ ಕಿತ್ತು ಹಾಕ್ತೀನಿ ಅಂತ. ಬಸ್ಸಿನ ಕಿಟಕಿಯಲ್ಲಿ ಕರೆಂಟ್ ಕಂಬ ಕನ್ನಡದಲ್ಲಿ, ಅಕ್ಕಿ ಅಳೆಯೋದು ಕನ್ನಡದಲ್ಲಿ, ಕೊನೆಗೆ ಮಗ್ಗದ ಮುಂದೂ, ಒಂದು, ಎರಡು, ಮೂರು — ಅಮ್ಮನ ಕೈ ತಪ್ಪಿತು. ನವಿಲಿನ ಕತ್ತು ಸೊಟ್ಟ. ಗೇಣುದ್ದ ನೇಯ್ದದ್ದು ಬಿಚ್ಚಿದ್ವಿ ಇಬ್ಬರೂ ಕೂತು. ಬೈತಾಳೆ ಅಂದ್ಕೊಂಡೆ, ಬೈಯಲಿಲ್ಲ, ನೀನು ಹಿಂಗೆ ಎಣಿಸಿದ್ರೆ ಆ ಕಡೆ ಯಾರೋ ಬೇರೆಯವ್ರು ಕೂತಂಗೆ ಆಗ್ತೈತೆ ಕಣಮ್ಮ ಅಂದ್ಳು. ಅಂದದ್ದು ತೆಲುಗಲ್ಲಿ, ನನ್ನ ತಲೆಯಲ್ಲಿ ಯಾಕೋ ಕನ್ನಡದಲ್ಲೇ ಉಳಿದೈತೆ. ಕೆಲಸ ಸಿಗಲಿ, ಆಮೇಲೆ ನಿಂಗೆ ಬೇಕಾದಂಗೆ ಎಣಿಸ್ತೀನಿ ಅಂದೆ. ಅವಳು ಬಿಚ್ಚಿದ ಎಳೆಗಳನ್ನ ಲಾಳಿಗೆ ಸುತ್ಕೊಂಡ್ಳು.

ಹರಿಪ್ರಿಯಾ ಯಾರ್ರೀ, ಬಾಗಿಲಲ್ಲಿ ಜವಾನ ಕೂಗಿದ — ನಾನೇ, ಬಂದೆ. ಮಹಾಂತೇಶ್ ಸರ್ ಪಿಸುಗುಟ್ಟಿದ್ರು, ಮೇಡಂ, ಸೂತ್ರ ಬರೆದು ಉತ್ತರ ಬರೆದು ಬಂದ್ಬಿಡ್ರಿ, ಎಣಿಸೋಕೆ ಮಾತ್ರ ಹೋಗ್ಬೇಡ್ರಿ. ಹೋದ ಸಲದ ಕಥೆ ನಾನೇ ಹೇಳಿದ್ದೆ ಇವ್ರಿಗೆ, ಒಳ್ಳೇದಕ್ಕೇ ಅಂದಿರ್ತಾರೆ, ಇರಲಿ. ಒಳಗೆ ಮೂರು ಜನ, ಪ್ರಿನ್ಸಿಪಾಲರು, ಯೂನಿವರ್ಸಿಟಿಯಿಂದ ಬಂದ ಸರ್ವಮಂಗಳ ಮೇಡಂ, ಮಧ್ಯದ ದೊಡ್ಡ ಕುರ್ಚಿಯಲ್ಲಿ ಆಡಳಿತ ಮಂಡಳಿಯ ಮುರುಗೇಂದ್ರಪ್ಪನವರು, ಸೊರ್ರನೆ ಟೀ ಕುಡೀತಾ, ಲೋಟದ ಮೇಲಿಂದ ನನ್ನ ನೋಡ್ತಾ. ಮೇಡಂ ಅಂದ್ರು, ನಾಲ್ಕು ಜನ ಒಂದು ಬೆಂಚಿನ ಮೇಲೆ ಎಷ್ಟು ಥರ ಕೂರಬಹುದು, ಮೊದಲನೇ ವರ್ಷದ ಮಕ್ಕಳಿಗೆ ಹೇಳೋ ಹಾಗೆ ಹೇಳಿ. ಸೂತ್ರ ಒಂದು ಸಾಲು, ಉತ್ತರ ಇಪ್ಪತ್ನಾಲ್ಕು, ಮುಗೀತು, ನಮಸ್ಕಾರ ಹೇಳಿ ಹೊರಗೆ ಹೋಗಬಹುದು. ಆದ್ರೆ ಮಕ್ಕಳಿಗೆ ಹಾಗೆ ಹೇಳಲ್ಲ ನಾನು, ಸೂತ್ರ ಕೊಟ್ರೆ ಬರ್ಕೊಂಡು ಮರೀತಾರೆ, ಒಂದೊಂದೇ ಬರೆದು ಎಣಿಸಿದ್ರೆ ಹೌದಲ್ಲ ಮಿಸ್ ಅಂತಾರೆ, ಆ ಹೌದಲ್ಲಕ್ಕೇ ಅಲ್ವಾ ನಾನು ಇಷ್ಟು ವರ್ಷ ಆ ಬಸ್ಸು ಹತ್ತಿದ್ದು. ಬರೆದೆ, ಎಣಿಸಿದೆ, ಕನ್ನಡದಲ್ಲೇ, ಒಂದು, ಎರಡು, ಮೂರು, ನಾಲ್ಕು — ಮೇಡಂ ತಡೆದ್ರು, ನಾಲ್ಕನೇದು ಆಗಲೇ ಬಂದಿದೆ ನೋಡಿ. ಹೌದು, ಎರಡನೇದನ್ನೇ ತಿರುಗಿ ಬರೆದೀನಿ. ಮುರುಗೇಂದ್ರಪ್ಪನವರು ಗಡಿಯಾರ ನೋಡ್ತಾರೆ. ನನ್ನ ಕೈಗೇ ನನ್ನ ಎಣಿಕೆ ಗೊತ್ತಾಗ್ತಿಲ್ಲ, ಬೋರ್ಡಿನ ಮುಂದೆ ಯಾರೋ ಬೇರೆಯವ್ರು ನಿಂತವ್ರೆ. ಸೂತ್ರ ಬರೆದ್ಬಿಡು ಹರಿ, ಇನ್ನೂ ಟೈಮ್ ಐತೆ, ಬರೆದು ಕೂತ್ಕೊ. ಇಲ್ಲ. ಕೂರಲ್ಲ. ಹೋದ ಸಲ ಕೂತಿದ್ದು ಸಾಕು.

ಅಷ್ಟೂ ಒರೆಸಿದೆ. ತಿರುಗಿ ಮೂವರಿಗೂ ಹೇಳಿದೆ, ಮಕ್ಕಳೇ, ನಾನು ನಮ್ಮನೆ ಮಾತಲ್ಲಿ ಎಣಿಸ್ತೀನಿ, ನೀವು ನಿಮ್ಮನೆ ಮಾತಲ್ಲಿ ಎಣಿಸ್ಕೊಳ್ಳಿ, ಕೊನೆಗೆ ಉತ್ತರ ಎಲ್ಲರಿಗೂ ಒಂದೇ ಬರುತ್ತೆ. ಮಕ್ಕಳೇ ಅಂದ್ಬಿಟ್ಟೆ ಮುರುಗೇಂದ್ರಪ್ಪನವರಿಗೂ, ಇರಲಿ ಬಿಡು. ಒಕಟಿ — ಅವ್ರ ಲೋಟ ನಿಂತಿತು, ಗಲ್ಲದ ಹತ್ತಿರ, ಸೊರ್ರ್ ಇಲ್ಲ. ರೆಂಡು, ಮೂಡು, ಕೈ ಓಡ್ತೈತೆ, ಯಾವುದು ಬಂತು ಯಾವುದು ಬಾಕಿ ಎಲ್ಲ ಕಣ್ಣ ಮುಂದೆ, ನಾಲುಗು, ನಗೋದಾದ್ರೆ ನಗ್ರಿ, ಇಪ್ಪತ್ನಾಲ್ಕು ಆಗೋವರೆಗೆ ನಾನು ನಿಲ್ಲಲ್ಲ, ಐದು, ಆರು, ಏಡು, ಕಣ್ಣಂಚಲ್ಲಿ ಲೋಟ, ಬಾಯಿ ಅರ್ಧ ತೆರೆದೈತೆ, ಕುಡಿಯೋಕೋ ನಗೋಕೋ ಗೊತ್ತಿಲ್ಲ, ಎನಿಮಿದಿ, ಮೇಡಂ ಪೆನ್ನು ಏನೋ ಬರೀತೈತೆ, ನೋಡಲ್ಲ, ತೊಮ್ಮಿದಿ, ಲೋಟ ಅಲ್ಲೇ, ಪದಿ, ಪದಕೊಂಡು, ತುಟಿಗೂ ಮುಟ್ಟಿಲ್ಲ, ಮೇಜಿಗೂ ಇಳಿದಿಲ್ಲ, ಪನ್ನೆಂಡು, ಅರ್ಧ ಆಯ್ತು, ನಿಲ್ಲಲ್ಲ, ಆ ಲೋಟ ಇನ್ನೂ ಅಲ್ಲೇ.