ಬೆಯ್ಶೆನನ ಗಿಡುಗ

ನೀರಿನ ಬೋಗುಣಿಯ ಅಂಚಿನಲ್ಲಿ ಬಿಸಿಲು ಬಿಳಿ ದಾರದ ಹಾಗೆ ನಡುಗುತ್ತಿದೆ, ಕಾಲಿಗೆ ಪಟ್ಟಿ ಕಟ್ಟಿದ ಬೇಟೆಗಿಡುಗ ಇನ್ನೂ ನೀರಿಗೆ ಇಳಿದಿಲ್ಲ, ಒಂದು ಕಾಲೆತ್ತಿ ಹಾಗೇ ನಿಂತಿದೆ, ನಿಂತಿರಲಿ, ಸೈರಾಕುಲ್‌ಗೆ ಅವಸರವಿಲ್ಲ, ಗಂಡ ಬೆಯ್ಶೆನ್ ಸತ್ತು ಇಪ್ಪತ್ತಾರು ದಿನ, ಆವತ್ತಿನಿಂದ ಯಾವುದಕ್ಕೂ ಅವಸರವಿಲ್ಲ — ಬಾಣಲೆಯಲ್ಲಿ ಎಣ್ಣೆ ಹೊಗೆಯೆದ್ದರೂ ಇಲ್ಲ, ಹಸು ಕೂಗಿಕೊಂಡರೂ ಇಲ್ಲ — ಹಾಲು ಕರೆಯುವ ಮಣೆಯ ಮೇಲೆ ಕೂತಿದ್ದಾಳೆ, ಮೊಣಕಾಲ ಮೇಲೆ ಅಡ್ಡಕ್ಕೆ ಒಂದು ಕೋಲು, ಎದುರಿಗೆ ದೂರದಲ್ಲಿ ಇಸಿಕ್‌ಕುಲ್ ಸರೋವರ ಬಣ್ಣ ಕಳೆದುಕೊಂಡ ಬಟ್ಟೆಯ ಹಾಗೆ, ಹಿಂದೆ ಗುಡ್ಡ. ಗುಡ್ಡದ ನೆತ್ತಿಯಲ್ಲಿ ಬೆಳಿಗ್ಗೆ ಎರಡು ಹದ್ದು ಇದ್ದವು, ಈಗ ಕಾಣುತ್ತಿಲ್ಲ, ಕಾಣದೆ ಹೋದಾಗಲೇ ಜೋಪಾನ ಕಣೇ ಅನ್ನುತ್ತಿದ್ದ ಬೆಯ್ಶೆನ್, ಹದ್ದು ಆಕಾಶದಿಂದ ಬೀಳುತ್ತೆ ಅಂದ್ಕೊಳ್ಳೋರು ಪೇಟೆಯೋರು, ಅದು ಬರೋದು ಬಣವೆ ಮರೆಯಿಂದ, ನೆಲ ನೆಕ್ಕಿಕೊಂಡು, ಕಟ್ಟಿಹಾಕಿದ ಗಿಡುಗ ಅಂದ್ರೆ ಅದಕ್ಕೆ ಬಡಿಸಿಟ್ಟ ಊಟ. ಹಕ್ಕಿಯನ್ನು ಹೊರಗೆ ಕಟ್ಟಿದ ದಿನ ತಾನೂ ಅಲ್ಲೇ ಕಟ್ಟಿಸಿಕೊಂಡವನ ಹಾಗೆ ಕೂತುಬಿಡುತ್ತಿದ್ದ, ಟೀ ಅಲ್ಲಿಗೇ, ರೊಟ್ಟಿ ಅಲ್ಲಿಗೇ, ನೀನು ಮದುವೆಯಾಗಿದ್ದು ನನ್ನನ್ನೋ ಅದನ್ನೋ ಅಂತ ಅವಳು ಕೇಳಿದರೆ, ನೀನು ಮೊಲ ಹಿಡ್ಕೊಡ್ತೀಯೇನೆ ಅನ್ನುತ್ತಿದ್ದ.

ಹಕ್ಕೀನ ಒಳಗೇ ಇಡಿ ಜೆಂಗೆ ಅಂದಿದ್ದ ಮೈದುನ ಒಮುರ್ಜಾಕ್, ಅಣ್ಣನ ಹೆಂಡತಿಯನ್ನು ಹಾಗೇ ತಾನೆ ಕರೆಯಬೇಕು, ಮೂವತ್ತು ವರ್ಷದಿಂದ ಹಾಗೇ ಕರೆದಿದ್ದಾನೆ, ಅಣ್ಣನ ನಲವತ್ತನೇ ದಿನ ಊರಿಗೆ ಊಟ ಹಾಕಿ ಇದನ್ನ ಗುಡ್ಡಕ್ಕೆ ಒಯ್ದು ಬಿಟ್ಟುಬಿಡೋಣ, ನಾನು ಹೋದ್ಮೇಲೆ ಇದು ಇನ್ನೊಬ್ಬನ ಕೈಮೇಲೆ ಕೂರಬಾರದು ಅಂದಿದ್ದ ಅಣ್ಣ, ಅಲ್ಲೀತನಕ ಏನೂ ಆಗಬಾರದು, ಹದ್ದುಗಳ ಕಣ್ಣು ಬಿದ್ದಿದೆ. ಇಟ್ಟಳು. ನಾಲ್ಕು ದಿನ ಕೊಟ್ಟಿಗೆಯ ಕತ್ತಲಲ್ಲಿ ಪಾರಿವಾಳದ ಮಾಂಸವನ್ನು ಅದು ಮೂಸಲೂ ಇಲ್ಲ, ಎದೆಯ ಮೂಳೆ ಚಾಕುವಿನ ಅಲಗಿನ ಹಾಗೆ ಬೆರಳಿಗೆ ಸಿಗುತ್ತಿತ್ತು, ಬಿಸಿಲು ಬೇಕು, ನೀರು ಬೇಕು, ಅಷ್ಟು ಅವಳಿಗೂ ಗೊತ್ತು, ಅದಕ್ಕೇ ಇವತ್ತು ಹೊರಗೆ ತಂದದ್ದು. ಗೊತ್ತಿಲ್ಲದ್ದು ಅಳುವುದೊಂದೇ. ಹೆಣವಿದ್ದ ಕಂಬಳಿ ಡೇರೆಯೊಳಗೆ ಗೋಡೆಗೆ ಮುಖ ಮಾಡಿ ಕೂತು ಹೆಂಡತಿಯಾದವಳು ಹಾಡಿಕೊಂಡು ಅಳಬೇಕು, ಸಾವಿಗೆ ಬಂದು ಕುದುರೆ ಇಳಿದವರಿಗೆಲ್ಲ ಹೊರಗೆ ಕೇಳಿಸಬೇಕು, ಅವಳಿಗೆ ದನಿಯೇ ಹೊರಡಲಿಲ್ಲ, ನಾದಿನಿ ಕಾಲ್ಬುಬು ಇವಳ ಪಾಲಿನದನ್ನೂ ತಾನೇ ಹಾಡಿದಳು, ಕುರಿ ಸತ್ರೂ ಇದಕ್ಕಿಂತ ಜಾಸ್ತಿ ಅಳ್ತಾರಪ್ಪ, ಯಾವುದೋ ಮುದುಕಿ ಅಂದದ್ದು ಕಂಬಳಿ ದಾಟಿ ಕೇಳಿಸಿತು. ಏನಂತ ಹಾಡುವುದು, ಅವನು ಸತ್ತ ದಿನ ಟೀ ಆರಿಹೋಗುತ್ತೆ ಬಾ ಅಂತ ಎರಡು ಸಲ ಕೂಗಿದಳು, ಹಕ್ಕಿ ಜೊತೆ ಇದ್ದರೆ ಇವನಿಗೆ ಕಿವಿ ಕೇಳಿಸುವುದಿಲ್ಲ ಅಂದುಕೊಂಡು ತನ್ನ ಬಟ್ಟಲು ಕುಡಿದಳು, ಇನ್ನೊಂದು ಬಗ್ಗಿಸಿಕೊಂಡಳು, ಅದನ್ನೂ ಕುಡಿದಳು, ಆಮೇಲೆ ಹೋದಳು — ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿದ್ದ, ಮೈ ಇನ್ನೂ ಬೆಚ್ಚಗಿತ್ತು, ಗಿಡುಗ ಕೈಗವಸಿನ ಮೇಲೇ ಇತ್ತು. ಎರಡು ಬಟ್ಟಲು ಟೀ. ಅದನ್ನು ಯಾವ ರಾಗದಲ್ಲಿ ಹಾಡುವುದು.

ಗಿಡುಗ ನೀರಿಗಿಳಿಯಿತು, ರೆಕ್ಕೆ ಬಡಿಯಿತು, ಹನಿ ಅವಳ ಮುಖಕ್ಕೆ ಸಿಡಿದರೂ ಒರೆಸಿಕೊಳ್ಳಲಿಲ್ಲ, ತಣ್ಣಗಿದೆಯೋ ಇಲ್ಲವೋ ತಿಳಿಯಲಿಲ್ಲ, ಒದ್ದೆಯಾಗಿ ಅದು ಕೋಳಿಮರಿಯಷ್ಟಕ್ಕೆ ಇಳಿದುಹೋಗಿದೆ, ಈಗ ಹಾರೆಂದರೂ ಹಾರಲಾರದು ಅಂದುಕೊಳ್ಳುವಷ್ಟರಲ್ಲಿ ಅದರ ಕತ್ತು ಸಣ್ಣಗಾಗುತ್ತದೆ, ಗರಿಗಳೆಲ್ಲ ಮೈಗಂಟುತ್ತವೆ, ಬಣವೆಯ ಹಿಂದಿನಿಂದ ಯಾರೋ ಒಂದು ಕಂದು ಹಲಗೆ ಬೀಸಿ ಎಸೆದ ಹಾಗೆ, ನೆಲಕ್ಕಂಟಿಕೊಂಡು, ಸದ್ದೇ ಇಲ್ಲದೆ, ಅವನು ಹೇಳಿದ ಹಾಗೇ, ಹದ್ದು. ಗಿಡುಗ ಎಗರಿತು, ಕಾಲಿನ ಪಟ್ಟಿ ಜಗ್ಗಿ ಮಗುಚಿ ಬಿತ್ತು, ಬಿದ್ದು ನೋಡಿತು, ಹದ್ದಿನ ಕಡೆಯಲ್ಲ, ಅವಳ ಕಡೆ. ಕೋಲು ಮೊಣಕಾಲ ಮೇಲೇ ಇದೆ. ಎತ್ತಬೇಕು. ಒಯ್ಯಲಿ ಅನ್ನಿಸಿತು, ಒಯ್ದುಬಿಡಲಿ, ಅಲ್ಲಿಗೆ ಮುಗಿಯಿತು, ಇನ್ನು ಬೆಳಗಾದರೆ ಪಾರಿವಾಳ ಸೀಳುವುದಿಲ್ಲ, ಆ ಕೊಟ್ಟಿಗೆಗೆ ಕಾಲಿಡುವುದಿಲ್ಲ — ಒಂದು ಉಸಿರು, ಎರಡು ಉಸಿರು — ಆ ಕಿತ್ತಳೆ ಕಣ್ಣು ಕದಲುತ್ತಿಲ್ಲ — ಆಮೇಲೆ ಅವಳು ನೆಲದ ಮೇಲಿದ್ದಾಳೆ, ಹೊಟ್ಟೆಯಡಿ ಒದ್ದೆ ಗರಿ ಒದ್ದಾಡುತ್ತಿದೆ, ಬೆನ್ನಿಗೆ ಯಾರೋ ಜಮಖಾನ ಬೀಸಿ ಹೊಡೆದ ಹಾಗೆ ಒಂದು ಪೆಟ್ಟು, ಇನ್ನೊಂದು, ಹೋಯ್ ಹೋಯ್ ಅಂತ ಕೊಟ್ಟಿಗೆಯ ಛಾವಣಿಯಿಂದ ಒಮುರ್ಜಾಕ್, ಹುಲ್ಲು ಒಟ್ಟುತ್ತಿದ್ದವನು ಕವೆಗೋಲು ಹಿಡಿದು ಧುಮುಕಿ ಬರುತ್ತಿದ್ದಾನೆ, ಹದ್ದು ಬೇಲಿಯ ಮೇಲೆ ಒಂದಿಷ್ಟು ಹೊತ್ತು ಕೂತು, ಬೇಡವೆನ್ನಿಸಿದ ಹಾಗೆ ಎದ್ದು ಹೋಯಿತು.

ಹೆದರಿದ ಗಿಡುಗ ಅವಳ ಅಂಗೈಯನ್ನೇ ಹಿಡಿದಿದೆ, ಒಂದು ಉಗುರು ಹೆಬ್ಬೆರಳ ಬುಡದಲ್ಲಿ ಇಳಿದು ಆಚೆ ಬದಿಗೆ ಮೊನೆ ಕಾಣುತ್ತಿದೆ, ಒಮುರ್ಜಾಕ್ ಹಕ್ಕಿಯ ಒಂದೊಂದೇ ಬೆರಳು ಬಿಡಿಸುತ್ತಾನೆ, ನೋವಾಗಲ್ವಾ ಜೆಂಗೆ, ಇಲ್ಲ, ಕೂಗಿ ಬೇಕಾದ್ರೆ, ನೋವಿಲ್ಲ ಕಣಪ್ಪ, ನಿಜವಾಗಿಯೂ ಇಲ್ಲ, ರಕ್ತ ಯಾರದೋ ಕೈಯಿಂದ ಹರಿಯುತ್ತಿದೆ. ಹಕ್ಕಿಯ ಕಣ್ಣಿಗೆ ಚರ್ಮದ ಟೊಪ್ಪಿಗೆ ತೊಡಿಸಿ, ಬಾಲ ಬಿಡಿಸಿ ನೋಡಿ ಅವನು ನಾಲಿಗೆ ಲೊಚಗುಟ್ಟಿದ, ಆರು ಗರಿ ಮುರಿದಿವೆ, ಇನ್ನು ನಲವತ್ತಕ್ಕೆ ಬಿಡೋದು ಸುಳ್ಳು, ಬಾಲ ಇಲ್ಲದ್ದು ಬೇಟೆ ಸಿಗದೆ ಸಾಯುತ್ತೆ, ಬರೋ ಬೇಸಿಗೇಲಿ ಗರಿ ಉದುರಿ ಹೊಸದು ಬರೋತನಕ ಸಾಕಬೇಕು. ಯಾರು ಸಾಕೋದು ಅಂದಳು. ನನ್ನ ಕೈಗಂತೂ ಬರಲ್ಲ, ಅದು ಹಿಡ್ಕೊಂಡಿದ್ದು ಯಾರ ಕೈ ನೋಡಿ, ಅಂತ ನಕ್ಕ, ಅಣ್ಣ ಸತ್ತ ಮೇಲೆ ಮೊದಲ ಸಲ ನಕ್ಕಿದ್ದು, ತನ್ನ ಕರವಸ್ತ್ರ ಹರಿದು ಅವಳ ಕೈಗೆ ಸುತ್ತುತ್ತ, ಮೇಲಿಂದ ನೋಡ್ತಿದ್ದೆ ಜೆಂಗೆ, ಎಷ್ಟು ಬೇಗ ಮೈ ಅಡ್ಡ ಹಾಕಿಬಿಟ್ರಿ, ನಾನಾಗಿದ್ರೂ ಅಷ್ಟು ಬೇಗ ಆಗ್ತಿರಲಿಲ್ಲ, ಕಲ್ಲು ಹೆಂಗಸು ಅಂದೋರಿಗೆಲ್ಲ ಹೇಳ್ತೀನಿ, ಅನ್ನುತ್ತಿದ್ದಾನೆ. ಬೇಗ. ಬೇಗ ಅಲ್ಲ ಅನ್ನಬೇಕು, ಬಾಯಿ ತೆರೆದಿದೆ, ಅವನು ಗಂಟು ಬಿಗಿಯುತ್ತಿದ್ದಾನೆ, ಅವಳ ಮಂಡಿಯ ಮೇಲೆ ಟೊಪ್ಪಿಗೆಯ ಹಕ್ಕಿ ಕುರುಡಾಗಿ ಕೂತಿದೆ, ಬೇಗ ಅಲ್ಲ, ಒಂದು ಉಸಿರು, ಎರಡು, ನೆಲಕ್ಕೆ ಮಗುಚಿಬಿದ್ದ ಆ ಕಿತ್ತಳೆ ಕಣ್ಣು, ಹದ್ದಿನ ಕಡೆಯಲ್ಲ, ಅವಳ ಕಡೆ, ಕದಲದೆ, ಆ ಕಣ್ಣು —