ವೋಟಿನವರೆಗೆ ಮುಟ್ಟಬಾರದ ಫ್ಯಾನು

ರಟ್ಟಿನ ಪೆಟ್ಟಿಗೆಯ ಒಂದು ಮೂಲೆ ಹರಿದು ಒಳಗಿನ ರೆಕ್ಕೆ ಹೊಳೆಯುತ್ತಿದೆ, ಯಾರೋ ಬೆರಳು ತೂರಿಸಿ ನೋಡಿದ್ದಾರೆ, ನೋಡದೆ ಇರುತ್ತಾರೆಯೇ, ಹೊಲಿಗೆ ಕಾರ್ಖಾನೆಯ ಬಾಗಿಲಲ್ಲೇ ಇಳಿಸಿ ಹೋಗಿದ್ದಾನೆ ಲಾರಿಯ ಪುಣ್ಯಾತ್ಮ, ಗಾಜಿನ ಕೋಣೆಯಲ್ಲಿ ಕುಳಿತ ಮಾಲಕಿಗೂ ಕಾಣುತ್ತದೆ, ಅರವತ್ತೆರಡು ಕೆಲಸಗಾರರಿಗೂ ಕಾಣುತ್ತದೆ, ಅಷ್ಟು ದೊಡ್ಡ ಫ್ಯಾನು, ಆದರೆ ಹಾಕಿಸುವಂತಿಲ್ಲ. ಮುಟ್ಟಲೇಬೇಡಿ ಮೇಡಂ, ವಕೀಲರು ಬೆಳಿಗ್ಗೆ ಫೋನಿನಲ್ಲಿ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ, ಯೂನಿಯನ್ ಬೇಕೋ ಬೇಡವೋ ಅಂತ ವೋಟಾಗೋವರೆಗೆ ನೀವು ಒಂದು ಮೊಳೆ ಹೊಡೆಸಿದ್ರೂ ಆಮಿಷ ಅಂತಾರೆ — ಆಮಿಷ! ಇಸ್ತ್ರಿ ಮೇಜುಗಳ ಸೆಖೆಗೆ ತರಿಸಿದ ಗಾಳಿಯೂ ಆಮಿಷವಂತೆ — ಆರ್ಡರ್ ಯಾವತ್ತು ಕೊಟ್ರಿ, ಸೋಮವಾರ, ಯೂನಿಯನ್ ಅರ್ಜಿಯ ಕಾಗದ ಯಾವತ್ತು ಬಂತು, ಅದರ ಹಿಂದಿನ ಶನಿವಾರ, ಆಹಾ, ಚೆನ್ನಾಗಿದೆ, ನೀವೇ ಸಾಕ್ಷಿ ಬರೆದುಕೊಟ್ಟ ಹಾಗಾಯ್ತು. ಹೊಸ ನಿಯಮ ಬಂದಮೇಲೆ ಎಲ್ಲ ಹೀಗೇ, ಮೊದಲಾದರೆ ಅರ್ಜಿಗೂ ವೋಟಿಗೂ ನಡುವೆ ಎರಡು ತಿಂಗಳಿರುತ್ತಿತ್ತು, ಎಲ್ಲರನ್ನೂ ಕೂರಿಸಿ ಮಾತಾಡಬಹುದಿತ್ತು, ಏನಾದರೂ ತಪ್ಪಾದರೆ ಮತ್ತೊಂದು ವೋಟು; ಈಗ ಹನ್ನೆರಡೇ ದಿನ, ಸಭೆ ಕರೆದರೆ ಒತ್ತಾಯ, ಯಾವ ಕಡೆ ಅಂತ ಕೇಳಿದರೆ ಬೆದರಿಕೆ, ಮಾಲೀಕರು ಎಡವಿದರೆ ವೋಟೇ ಇಲ್ಲ, ಯೂನಿಯನ್ ಸೀದಾ ಒಳಗೆ. ಕೆಲಸಗಾರರನ್ನು ದಿಟ್ಟಿಸಿ ನೋಡುತ್ತ ಕೂರಬಾರದಂತೆ, ಅದೂ ಕಣ್ಗಾವಲು — ನಾಲ್ಕೂ ಕಡೆ ಗಾಜು ಹಾಕಿಸಿ ತೀರಿಕೊಂಡ ಅಪ್ಪನಿಗೆ ಯಾರು ಹೇಳುವುದು ಅದನ್ನು, ಮಾತಾಡುವಂತಿಲ್ಲ, ನೋಡುವಂತಿಲ್ಲ, ಮಾಲಕಿಯೋ ಬೊಂಬೆಯೋ ತಾನು —

ಬಾಗಿಲು ತಟ್ಟದೆ ಬರುವವಳು ಇಸ್ತ್ರಿ ಅಕ್ಕ ಒಬ್ಬಳೇ, ಯೂನಿಯನ್ನಿನ ಕರಪತ್ರದಲ್ಲಿ ಮೊದಲ ಹೆಸರೂ ಅವಳದೇ, ಚಿಕ್ಕಂದಿನಲ್ಲಿ ತನ್ನನ್ನು ಮೇಜಿನಡಿಯ ಬೆಚ್ಚನೆ ಬಟ್ಟೆಗುಡ್ಡೆಯ ಮೇಲೆ ಮಲಗಿಸಿ ಪುಟ್ಟೀ ಪುಟ್ಟೀ ಅನ್ನುತ್ತಿದ್ದವಳು, ಗದ್ದದ ತುದಿಯಲ್ಲಿ ಬೆವರಿನ ಹನಿ, ಮೇಡಂ, ಆ ಫ್ಯಾನು ನಮಗೇನಾ? ಮೇಡಂ ಅಂತೆ. ಹೌದು ಅಂದರೆ ಆಮಿಷ, ಅಲ್ಲ ಅಂದರೆ ಸುಳ್ಳು, ವೋಟಾದ ಮೇಲೆ ಅಂದರೆ ಆಸೆ ತೋರಿಸಿದ ಹಾಗೆ, ಏನೂ ಹೇಳೋ ಹಾಗಿಲ್ಲ ಅಕ್ಕ, ಕಾನೂನು. ಕಾನೂನು ಬಂದಿದ್ದು ಈ ವರ್ಷ ಅಲ್ವಾ, ನಾನು ಕೇಳಿದ್ದು ಹೋದ ಬೇಸಿಗೇಲಿ. ಕೇಳಿದ್ದಳು, ಮೂರು ಸಲ, ನೋಡೋಣ ಅಕ್ಕ ಎಂದು ನಕ್ಕು ಕಳಿಸಿದ್ದಳು ತಾನು, ಆಗ ಯಾವ ನಿಯಮ ಕೈ ಹಿಡಿದಿತ್ತು, ಮರೆತೇ ಹೋಗಿತ್ತು, ಶನಿವಾರ ಲಕೋಟೆ ಒಡೆದ ಮೇಲಲ್ಲವೇ ಈ ಸೆಖೆ ನೆನಪಾದದ್ದು — ಹಾಗಿದ್ದಮೇಲೆ ಆಮಿಷವಲ್ಲದೆ ಇನ್ನೇನು ಅದು, ಛೆ, ವಕೀಲರಿಗೂ ಮೊದಲೇ ತನಗೇ ಗೊತ್ತಿತ್ತಲ್ಲ. ಹಾಕಿಸಬೇಡಿ ಬಿಡಿ, ಅಕ್ಕ ನಗುತ್ತಾಳೆ, ಒಂದು ಗಾಳಿಗೆ ಬಿದ್ಲು ಮುದುಕಿ ಅಂತ ನಮ್ಮೋರು ಆಡ್ಕೋತಾರೆ, ವೋಟು ಮುಗೀಲಿ, ಆಮೇಲೆ ಬೇಡ್ಕೊಳ್ಳಲ್ಲ, ಎದುರಿಗೆ ಕೂತು ಕೇಳ್ತೀವಿ. ಹೋದಳು. ನಿಲ್ಲು ಅಕ್ಕ ಎನ್ನಲೇ, ಕೂತು ಹೋಗು ಎನ್ನಲೇ, ತಪ್ಪಾಯಿತು ಎಂದರೆ ಅದನ್ನು ಯಾವ ಕಲಮಿನಡಿ ಸೇರಿಸುತ್ತಾರೋ, ಅಷ್ಟರಲ್ಲಿ ಅಕ್ಕ ಮೇಜಿನ ಮೇಲೆ ಬಾಗಿದ್ದಳು, ಗದ್ದದಿಂದ ಹನಿ ಜಾರಿ ಇಸ್ತ್ರಿಪೆಟ್ಟಿಗೆಯ ಕಾದ ಅಂಚಿಗೆ, ಚುಂಯ್, ಇಲ್ಲ, ಇನ್ನೊಂದು, ಚುಂಯ್, ಇಲ್ಲ, ಮತ್ತೊಂದು ಗದ್ದದ ತುದಿಯಲ್ಲಿ, ತುಂಬಿಕೊಂಡು, ತೂಗುತ್ತ, ಇನ್ನೂ ಬೀಳದೆ